ಮೂಳೆಗೆ ಚಿಕಿತ್ಸೆ, ಮನಸ್ಸಿಗೆ ಡಿಸ್ಚಾರ್ಜ್!

2020ರ ಮಾರ್ಚ್ ಕೊನೆಯ ವಾರ ಕೊರೊನಾ ಲಾಕ್‌ಡೌನ್ ಜಾರಿಯಾಗಿ ಮದ್ಯದಂಗಡಿಗಳ ಬಾಗಿಲು ಮುಚ್ಚಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬೇರೆಯದೇ ಬಗೆಯ ರೋಗಿಗಳು ಬರತೊಡಗಿದರು. ಕೈಕಾಲು ನಡುಕ, ಫಿಟ್ಸ್, ಇಲ್ಲದ ವಸ್ತು ಕಂಡಂತಾಗುವ ಭ್ರಮೆ. ಏಕಾಏಕಿ ಮದ್ಯ ನಿಂತಾಗ ದೇಹ ಮತ್ತು ಮಿದುಳು ತೋರುವ ಪ್ರತಿಕ್ರಿಯೆ ಇದು. ಮೇ 4ರಂದು ಅಂಗಡಿಗಳು ತೆರೆದವು, ಸುದ್ದಿಯೂ ಅಲ್ಲಿಗೇ ಮುಗಿಯಿತು. ಆದರೆ ಸಮಸ್ಯೆ ಮುಗಿಯಿತೆ?

ಇಲ್ಲ. ಮದ್ಯಕ್ಕೆ ದಾಸನಾದ ವ್ಯಕ್ತಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರೆ ಆತನ ಪಾಲಿಗೆ ಆ ಹಾಸಿಗೆಯೇ ಒಂದು ಲಾಕ್‌ಡೌನ್. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ 'ಡೆಲೀರಿಯಂ ಟ್ರೆಮೆನ್ಸ್' ಎಂಬ ಗಂಭೀರ ಬುದ್ಧಿಭ್ರಮಣೆ ಕಾಣಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿರುತ್ತದೆ, ಆದರೆ ರೋಗಿ ನಡುರಾತ್ರಿ ಸಲೈನ್ ನಳಿಕೆ ಕಿತ್ತೆಸೆದು ಓಡಲು ಯತ್ನಿಸುತ್ತಾನೆ. ಆಗ ಸಿಬ್ಬಂದಿಯ ಕಣ್ಣಿಗೆ ಆತ 'ಗಲಾಟೆ ಕೇಸ್'. ಕೈಕಾಲು ಕಟ್ಟಿಹಾಕುವುದು, ಇಲ್ಲವೇ ಮನೆಯವರಿಂದ ಸಹಿ ಪಡೆದು ಕಳುಹಿಸಿಬಿಡುವುದು ಸುಲಭದ ದಾರಿಯಾಗುತ್ತದೆ.

ವಿಪರ್ಯಾಸವೆಂದರೆ, ಪ್ರಾಣಕ್ಕೇ ಎರವಾಗಬಲ್ಲ ಈ ಸ್ಥಿತಿಯ ಚಿಕಿತ್ಸೆಗೆ ದುಬಾರಿ ಯಂತ್ರೋಪಕರಣ ಬೇಡ. ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಅಗ್ಗದ ಔಷಧಗಳು, ಜತೆಗೆ ಥಯಾಮಿನ್ ಎಂಬ ಬಿ-1 ಜೀವಸತ್ವದ ಚುಚ್ಚುಮದ್ದು ಬಹುತೇಕ ರೋಗಿಗಳನ್ನು ಉಳಿಸಬಲ್ಲವು. ಥಯಾಮಿನ್ ಕೊರತೆಯನ್ನು ಗಮನಿಸದೆ ಬರೀ ಗ್ಲೂಕೋಸ್ ಏರಿಸುತ್ತ ಹೋದರೆ ಮಿದುಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆ. ಇಷ್ಟನ್ನೂ ತಪ್ಪಿಸಲು ದಾಖಲಾತಿ ವೇಳೆ ಕೇಳಬೇಕಾದ ಪ್ರಶ್ನೆ ಒಂದೇ: 'ಕೊನೆಯ ಬಾರಿ ಕುಡಿದದ್ದು ಯಾವಾಗ?' ಇನ್ನೂ ವಿವರ ಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ, ಕೇವಲ 10 ಪ್ರಶ್ನೆಗಳ 'ಆಡಿಟ್' ಎಂಬ ಪ್ರಶ್ನಾವಳಿಯೇ ಇದೆ.

ಮಾತು ಮದ್ಯಕ್ಕಷ್ಟೇ ಸೀಮಿತವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಯತ್ನಿಸಿ ಬದುಕುಳಿದವರು ಇದಕ್ಕಿಂತ ಹಲವು ಪಟ್ಟು. ವಿಷ ಸೇವಿಸಿ ಬಂದವರ ಹೊಟ್ಟೆ ತೊಳೆದು, ರಕ್ತದೊತ್ತಡ ಸರಿಪಡಿಸಿ ಮನೆಗೆ ಕಳುಹಿಸಿದರೆ ಅರ್ಧ ಚಿಕಿತ್ಸೆ ಮಾತ್ರ ಆದಂತೆ. ಮತ್ತೊಮ್ಮೆ ಯತ್ನಿಸುವ ಅಪಾಯ ಹೆಚ್ಚಾಗಿರುವುದೇ ಡಿಸ್ಚಾರ್ಜ್ ನಂತರದ ದಿನಗಳಲ್ಲಿ. ಹೃದಯಾಘಾತ, ಮಧುಮೇಹ, ಕ್ಯಾನ್ಸರ್ ರೋಗಿಗಳಲ್ಲಿ ಖಿನ್ನತೆ ಸಾಮಾನ್ಯ. ಖಿನ್ನತೆಗೆ ಒಳಗಾದವರು ಮಾತ್ರೆಗಳನ್ನು ಕ್ರಮವಾಗಿ ನುಂಗುವುದಿಲ್ಲ, ಅವರ ಚೇತರಿಕೆಯೂ ನಿಧಾನ. ದೇಹ ಬೇರೆ, ಮನಸ್ಸು ಬೇರೆ ಎಂಬ ವಿಭಜನೆ ಇರುವುದು ಆಸ್ಪತ್ರೆಯ ವಿಭಾಗಗಳಲ್ಲೇ ಹೊರತು ರೋಗಿಯಲ್ಲಲ್ಲ.

ಅಂಕಿಅಂಶಗಳು ಹೇಳುವುದೂ ಇದನ್ನೇ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಮದ್ಯವ್ಯಸನದ ಸಮಸ್ಯೆಯಿದ್ದವರಲ್ಲಿ ಶೇ. 86ರಷ್ಟು ಜನ ಚಿಕಿತ್ಸೆಯಿಂದ ಹೊರಗಿದ್ದರು. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ದೊರೆತಿದೆ ಎಂದಿತು. ವ್ಯಸನಮುಕ್ತಿ ಕೇಂದ್ರದ ಮೆಟ್ಟಿಲು ಹತ್ತಲು ನಾಚುವ ಈ ಜನರೇ ಮುರಿದ ಮೂಳೆಗೆ, ಊದಿದ ಯಕೃತ್ತಿಗೆ, ರಕ್ತವಾಂತಿಗೆ ಸಾಮಾನ್ಯ ಆಸ್ಪತ್ರೆಗೆ ತಾವಾಗಿಯೇ ಬರುತ್ತಾರೆ. ವ್ಯವಸ್ಥೆ ಅವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವರು ಅದರ ಹಾಸಿಗೆಯ ಮೇಲೆಯೇ ಮಲಗಿದ್ದಾರೆ. ಸಾವಿನ ಭಯ ಎದುರಿಗಿದ್ದು, ಮನೆಯವರು ಪಕ್ಕದಲ್ಲಿರುವ ಆ ನಾಲ್ಕು ದಿನ, ಬಿಡಬೇಕೆಂಬ ಮಾತು ಕಿವಿಗೆ ಬೀಳಲು ಪ್ರಶಸ್ತ ಕಾಲ.

ಕಾನೂನು ಹಿಂದೆ ಬಿದ್ದಿಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಹೊಣೆ ಎಂದು ಅದರ 115ನೇ ಸೆಕ್ಷನ್ ಸಾರುತ್ತದೆ. ದೇಹದ ಕಾಯಿಲೆಗೆ ಸಿಗುವ ವಿಮೆ ಮನಸ್ಸಿನ ಕಾಯಿಲೆಗೂ ಸಮಾನವಾಗಿ ಸಿಗಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ.

ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ, ಮದ್ಯಪಾನ ಹಾಗೂ ಮಾದಕ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳನ್ನು ವಿಮೆಯಿಂದ ಹೊರಗಿಡಲು ಕಂಪೆನಿಗಳಿಗೆ ಅವಕಾಶ ನೀಡಿತು. ಆ ಷರತ್ತು ಅನೇಕ ಪಾಲಿಸಿಗಳಲ್ಲಿ ಉಳಿದುಕೊಂಡಿದೆ. ಸಂಸತ್ತು ಕಾಯಿಲೆ ಎಂದದ್ದನ್ನು ಪಾಲಿಸಿ ಪತ್ರ ದುರಭ್ಯಾಸ ಎಂದು ಬಗೆಯುತ್ತದೆ! ಕೇಸ್ ಶೀಟ್‌ನಲ್ಲಿ 'ಮದ್ಯ' ಎಂದು ಬರೆದರೆ ಕ್ಲೇಮ್ ತಿರಸ್ಕೃತವಾದೀತೆಂಬ ಭಯದಿಂದ ರೋಗಿ ಸತ್ಯ ಹೇಳಲು ಹಿಂಜರಿದರೆ ಅಚ್ಚರಿಯಿಲ್ಲ. ಹಾಗೆ ಮುಚ್ಚಿಟ್ಟ ಸತ್ಯವೇ ಮೂರನೇ ದಿನ ಆತನ ಜೀವಕ್ಕೆ ಮುಳುವಾಗಬಹುದು.

ಈ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ದೊಡ್ಡ ಪರಂಪರೆಯೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವ ವ್ಯವಸ್ಥೆ ರೂಪುಗೊಂಡಿತು. 2022ರ ಅಕ್ಟೋಬರ್‌ನಲ್ಲಿ 'ಟೆಲಿ ಮಾನಸ್' ಸಹಾಯವಾಣಿ ಬಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ಇವು ಮುಖ್ಯವಾಗಿ ಹೊರರೋಗಿಗಳಿಗೆ, ಕರೆ ಮಾಡುವವರಿಗೆ. ಶುಕ್ರವಾರ ರಾತ್ರಿ ಸರ್ಜರಿ ವಾರ್ಡಿನಲ್ಲಿ ಆರಂಭವಾದ ಬುದ್ಧಿಭ್ರಮಣೆ ಮಂಗಳವಾರದವರೆಗೆ ಕಾಯುವುದಿಲ್ಲ.

ಅಷ್ಟು ಮನೋವೈದ್ಯರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಸಹಜ. ದೇಶದಲ್ಲಿ ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಇಲ್ಲವೆಂಬುದು ನಿಜ. ಆದರೆ ಈ ಕೆಲಸದ ಬಹುಪಾಲಿಗೆ ಮನೋವೈದ್ಯರೇ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮೂಲಭೂತ ಹಾಗೂ ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ನೀಡಬೇಕೆಂದು ಕಾಯ್ದೆಯೇ ಹೇಳಿದೆ. ತೊಂದರೆಯ ಮೂಲ ವೈದ್ಯಕೀಯ ಶಿಕ್ಷಣದಲ್ಲೂ ಇದೆ. ಎಂಬಿಬಿಎಸ್‌ನಲ್ಲಿ ಮನೋವೈದ್ಯ ಶಾಸ್ತ್ರಕ್ಕೆ ಪ್ರತ್ಯೇಕ ಪರೀಕ್ಷೆ ಇಲ್ಲ. ಪರೀಕ್ಷೆಯಿಲ್ಲದ ಪಾಠಕ್ಕೆ ವಿದ್ಯಾರ್ಥಿಗಳು ಕೊಡುವ ಮಹತ್ವವೂ ಅಷ್ಟಕ್ಕಷ್ಟೆ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 1933ರಷ್ಟು ಹಿಂದೆಯೇ ಮನೋವೈದ್ಯ ವಿಭಾಗ ತೆರೆದ ದೇಶ ಇದು ಎಂಬುದನ್ನು ನೆನೆದರೆ ಈ ಹಿನ್ನಡೆ ಖೇದಕರ.

ಆಗಬೇಕಾದ ಕೆಲಸ ಸ್ಪಷ್ಟ. ಪ್ರತಿ ದಾಖಲಾತಿಯಲ್ಲೂ ಮದ್ಯ, ತಂಬಾಕು, ಮನಸ್ಥಿತಿಯ ಪ್ರಶ್ನೆಗಳು ಕಡ್ಡಾಯವಾಗಲಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರ್ಡಿನಿಂದ ವಾರ್ಡಿಗೆ ಹೋಗಬಲ್ಲ ಒಬ್ಬ ಮನೋವೈದ್ಯ, ಒಬ್ಬ ಆಪ್ತಸಲಹೆಗಾರ, ತರಬೇತಾದ ಶುಶ್ರೂಷಕಿಯರ ತಂಡವಿರಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮೂಳೆ ವೈದ್ಯರನ್ನು ಮತ್ತೆ ಕಾಣಬೇಕಾದ ದಿನಾಂಕದ ಜತೆ ಮನೋವೈದ್ಯರನ್ನು ಕಾಣಬೇಕಾದ ದಿನಾಂಕವೂ ಇರಲಿ. ವಿಮೆಯ ಷರತ್ತು ಕಾಯ್ದೆಗೆ ಹೊಂದುವಂತೆ ಬದಲಾಗಲಿ.

ರಾಜ್ಯದ 2025-26ರ ಬಜೆಟ್ ಅಬಕಾರಿ ಇಲಾಖೆಗೆ ನಿಗದಿಪಡಿಸಿದ ವರಮಾನದ ಗುರಿ 40,000 ಕೋಟಿ ರೂ. ಮದ್ಯದಿಂದ ಬರುವ ಹಣವನ್ನು ಸಂಕೋಚವಿಲ್ಲದೆ ಎಣಿಸಿಕೊಳ್ಳುವ ಸರ್ಕಾರ, ಅದೇ ಮದ್ಯ ಆಸ್ಪತ್ರೆಗೆ ತಂದು ಮಲಗಿಸಿದವರನ್ನೂ ಎಣಿಸಬೇಕು. ಅವರ ಚಿಕಿತ್ಸೆಗೆ ಇದರಲ್ಲಿ ಒಂದು ಸಣ್ಣ ಪಾಲನ್ನು ಮೀಸಲಿಡುವುದು ಔದಾರ್ಯವಲ್ಲ, ಋಣಸಂದಾಯ.