ಹಳೆಯ ಪ್ರಬಂಧ, ಇಂದಿನ ಹೊಲ

ರೋಣ ತಾಲ್ಲೂಕಿನ ಜಕ್ಕಲಿ ಎರೆಭೂಮಿಯ ಸೀಮೆಗೆ ಸೇರಿದ ಊರು. ಇಂಥ ಊರಿನ ಪದವಿ ವಿದ್ಯಾರ್ಥಿಯೊಬ್ಬ ಹತ್ತಿಯ ಕೀಟಬಾಧೆ ಕುರಿತು ಸಂಶೋಧನೆಗೆ ತೊಡಗಿದನೆನ್ನೋಣ. 2005ರ ಸುಮಾರಿನ ಪ್ರಬಂಧವನ್ನು ತೆರೆದರೆ, ಬಿಟಿ ಹತ್ತಿಯು ಕಾಯಿಕೊರಕವನ್ನು ಸಮರ್ಥವಾಗಿ ತಡೆಯುತ್ತದೆ ಎಂಬ ನಿರ್ಣಯ ಅವನಿಗೆ ಸಿಕ್ಕೀತು. ಬರೆದ ಕಾಲಕ್ಕೆ ಅದು ನಿಜವೇ. ಇಂದು ಅದನ್ನೇ ಆಧಾರವಾಗಿ ಉಲ್ಲೇಖಿಸಿದರೆ ಮಾತ್ರ ಪ್ರಮಾದ.

ನಡುವೆ ನಡೆದದ್ದೇನು? 2002ರಲ್ಲಿ ಒಂದು ವಂಶವಾಹಿಯ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ದೊರೆಯಿತು. 2006ರಲ್ಲಿ ಎರಡು ವಂಶವಾಹಿಗಳ ತಳಿ ಬಂದಿತು. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲ ತಳಿಗೆ ನಿರೋಧ ಬೆಳೆಸಿಕೊಂಡಿದೆ ಎಂದು ಮಾನ್ಸಾಂಟೊ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. 2015ರ ವೇಳೆಗೆ ಎರಡನೆಯ ತಳಿಯೂ ಈ ಹುಳುವಿನೆದುರು ಸೋಲತೊಡಗಿತ್ತು. ಬಹುಮಟ್ಟಿಗೆ ಹತ್ತಿಯನ್ನೇ ನೆಚ್ಚಿದ ಹುಳು, ದೀರ್ಘಾವಧಿ ಹೈಬ್ರಿಡ್ ತಳಿಗಳು, ಹೊಲದಂಚಿನಲ್ಲಿ ಬಿಟಿಯಲ್ಲದ ಹತ್ತಿ ಬಿತ್ತುವ ನಿಯಮದ ನಿರ್ಲಕ್ಷ್ಯ ಇದಕ್ಕೆ ಕಾರಣಗಳು. ಪರಿಣಾಮವಾಗಿ ರೈತನಿಗೆ ದುಬಾರಿ ಬೀಜದ ಜೊತೆಗೆ ಕೀಟನಾಶಕದ ಖರ್ಚೂ ತಪ್ಪಲಿಲ್ಲ.

ಕುಡಿಯುವ ನೀರಿನ ವಿಷಯವೂ ಹೀಗೆಯೇ. 1991ರ ಭಾರತೀಯ ಮಾನದಂಡದಲ್ಲಿ, ಬೇರೆ ನೀರಿನ ಮೂಲವಿಲ್ಲದಿದ್ದರೆ ಲೀಟರಿಗೆ 100 ಮಿಲಿಗ್ರಾಂವರೆಗೆ ನೈಟ್ರೇಟ್ ಇರಲು ಅವಕಾಶವಿತ್ತು. 2012ರ ಪರಿಷ್ಕರಣೆಯ ಪ್ರಕಾರ 45 ಮಿಲಿಗ್ರಾಂ ಮೀರುವಂತಿಲ್ಲ. ಹಳೆಯ ಪುಸ್ತಕ ಹಿಡಿದು ಕೊಳವೆಬಾವಿಯ ನೀರನ್ನು ಪರೀಕ್ಷಿಸಿದವನು, ತಿರಸ್ಕರಿಸಬೇಕಾದ ನೀರನ್ನೇ ಯೋಗ್ಯವೆಂದು ಬರೆದಾನು.

ಹಾಗೆಂದು ಹಳೆಯದೆಲ್ಲ ತ್ಯಾಜ್ಯವಲ್ಲ. ದಶಕಗಳ ಮಳೆಯ ದಾಖಲೆ ಹಳೆಯದಾದಷ್ಟೂ ಬೆಲೆಯುಳ್ಳದ್ದು. ಹೊಸದೆಲ್ಲ ವಿಶ್ವಾಸಾರ್ಹವೂ ಅಲ್ಲ; ಹಣ ಪಡೆದು ಏನನ್ನಾದರೂ ಅಚ್ಚುಮಾಡುವ ನಿಯತಕಾಲಿಕಗಳಿಗೆ ಬರವಿಲ್ಲ. ಆದ್ದರಿಂದ ವಿದ್ಯಾರ್ಥಿಯು ಪ್ರಕಟಣೆಯ ವರ್ಷದ ಜೊತೆಗೆ, ಅಂಕಿಅಂಶಗಳನ್ನು ಯಾವಾಗ ಸಂಗ್ರಹಿಸಲಾಯಿತು, ಮುಂದೆ ಆ ನಿರ್ಣಯವನ್ನು ಯಾರಾದರೂ ತಿದ್ದಿದ್ದಾರೆಯೇ, ಪ್ರಬಂಧವನ್ನೇ ಹಿಂಪಡೆಯಲಾಗಿದೆಯೇ ಎಂಬುದನ್ನೂ ನೋಡಬೇಕು.

ಹೊಣೆ ವಿದ್ಯಾರ್ಥಿಯದಷ್ಟೇ ಅಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಸಮ್ಮತಿಯಿತ್ತು, 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಒದಗಿಸಿದೆ. ಸುಮಾರು 6,300 ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳು ದೊರೆಯಬೇಕೆಂಬುದು ಇದರ ಆಶಯ. ಆದರೆ ಚಂದಾ ಕಟ್ಟಿದ ಮಾತ್ರಕ್ಕೆ ಓದು ನಡೆಯದು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಡೆಯುವ ಕಂಪ್ಯೂಟರ್, ಹುಡುಕುವ ಕ್ರಮ ಬಲ್ಲ ಗ್ರಂಥಪಾಲಕ, ‘ಇದರ ನಂತರ ಏನು ಬಂದಿದೆ?’ ಎಂದು ಕೇಳುವ ಮಾರ್ಗದರ್ಶಕ, ಈ ಮೂವರೂ ಬೇಕು. ಇಲ್ಲವಾದರೆ ಹೊಸ ಜ್ಞಾನ ರಾಜಧಾನಿಯಲ್ಲೇ ಉಳಿದು, ಎರೆಹೊಲದ ಪಾಲಿಗೆ ಹಳೆಯ ಪ್ರಬಂಧವೇ ಗತಿಯಾದೀತು.