ಪುಸ್ತಕ ಆರಿಸುವ ಮುನ್ನ



ದೀಪಾವಳಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ, "ಮೇಷ್ಟ್ರೇ, ನೆಟ್‌ವರ್ಕ್ ಪ್ರೋಗ್ರಾಮಿಂಗ್ ನನ್ನ ತಲೆಗೆ ಹತ್ತುವುದಿಲ್ಲ. ಮೂರು ಪುಸ್ತಕ ಕೊಂಡೆ, ಮೂರನ್ನೂ ಅರ್ಧಕ್ಕೆ ಬಿಟ್ಟೆ" ಎಂದನು. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಇದಕ್ಕೆ ಕಾರಣವೆಂಬುದು ಅವನ ನಂಬಿಕೆ. ನನಗೆ ಹಾಗೆನಿಸಲಿಲ್ಲ. ಹತ್ತನೆಯ ತರಗತಿಯ ಜಾಣ ಹುಡುಗನೊಬ್ಬನಿಗೆ ಹಿಂದೊಮ್ಮೆ ನಾನೇ ಪದವಿ ತರಗತಿಯ ಗಣಿತ ಪುಸ್ತಕವನ್ನು ಕೊಟ್ಟು, ಅವನು ಗಣಿತಕ್ಕೇ ಹೆದರುವಂತೆ ಮಾಡಿದ್ದೆ. ತಪ್ಪು ಪುಸ್ತಕದ್ದಾಗಿರಲಿಲ್ಲ, ಆರಿಸಿದವನದಾಗಿತ್ತು.

ಆ ಮೂರು ಪುಸ್ತಕಗಳನ್ನೂ ತರಿಸಿಕೊಂಡು ನೋಡಿದೆ. ಒಂದು, ಪರೀಕ್ಷೆಗೆಂದೇ ಬರೆದ ಗೈಡು. ಅದರಲ್ಲಿ ಪ್ರೋಗ್ರಾಂಗಳಿವೆ, ಕಾರಣಗಳಿಲ್ಲ. ಉಳಿದೆರಡು ರಿಚರ್ಡ್ ಸ್ಟೀವನ್ಸ್ ಅವರವು: 'ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್' ಮತ್ತು 'ಟಿಸಿಪಿ/ಐಪಿ ಇಲಸ್ಟ್ರೇಟೆಡ್'. ಎರಡೂ ಶ್ರೇಷ್ಠ ಗ್ರಂಥಗಳೇ. ಆದರೆ ಸಿ ಭಾಷೆಯಲ್ಲಿ ಕೈ ಪಳಗದವನು ಮೊದಲ ದಿನವೇ ತೆರೆಯತಕ್ಕವಲ್ಲ.

ಪುಸ್ತಕವನ್ನು ಪರೀಕ್ಷಿಸಲು ಒಂದು ಪ್ರಶ್ನೆ ಸಾಕೆಂದು ನನ್ನ ಅಭಿಪ್ರಾಯ. ಯುಡಿಪಿ ಅಂಚೆ ಕಾರ್ಡಿನಂತೆ: ಬಂದರೆ ಇಡಿಯಾಗಿ ಬರುತ್ತದೆ, ಇಲ್ಲವೆ ಕಳೆದುಹೋಗುತ್ತದೆ. ಟಿಸಿಪಿ ಕೊಳವೆಯ ನೀರಿನಂತೆ: ಈಚೆ ಎರಡು ಚೊಂಬು ಸುರಿದರೆ ಆಚೆ ಎರಡು ಚೊಂಬಾಗಿಯೇ ಬರಬೇಕೆಂದಿಲ್ಲ. ಒಮ್ಮೆ ಕಳುಹಿಸಿದ ಸಂದೇಶ ಆಚೆ ತುಂಡುತುಂಡಾಗಿ ಬರಬಹುದು. ಅದರ ಗಡಿಯನ್ನು ಪ್ರೋಗ್ರಾಂ ಬರೆಯುವವನೇ ಗುರುತಿಸಬೇಕು. ಇದನ್ನು ಹೇಳದ ಪುಸ್ತಕವನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿ.

ಎರಡನೆಯದು ಮುದ್ರಣದ ವರ್ಷ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಅಗ್ಗವಾಗಿ ಸಿಕ್ಕೀತು. ಆದರೆ ಸ್ಟೀವನ್ಸ್ ಅವರ ಮೊದಲ ಗ್ರಂಥದ 1990ರ ಆವೃತ್ತಿಯಲ್ಲಿ ಐಪಿವಿ6 ಇರಲು ಸಾಧ್ಯವಿಲ್ಲ, ಆಗ ಅದು ಹುಟ್ಟಿರಲೇ ಇಲ್ಲ. ಅವರು 1999ರಲ್ಲಿ ತೀರಿಕೊಂಡ ಬಳಿಕ ಫೆನ್ನರ್ ಮತ್ತು ರುಡಾಫ್ ಪರಿಷ್ಕರಿಸಿದ ಮೂರನೆಯ ಆವೃತ್ತಿಯ ಮೊದಲ ಸಂಪುಟವನ್ನೇ ಕೇಳಿ ಕೊಳ್ಳಿರಿ.

ಶಿಷ್ಯನಿಗೆ ನಾನು ಹೇಳಿದ ಕ್ರಮವಿಷ್ಟೆ. ಮೊದಲು ಸಿ ಭಾಷೆಯನ್ನು ಗಟ್ಟಿಮಾಡಿಕೊಳ್ಳುವುದು. ಬಳಿಕ, ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ, ಸರಳ ಇಂಗ್ಲಿಷಿನ 'ಬೀಜ್ಸ್ ಗೈಡ್'. ಅದನ್ನು ಓದುತ್ತ ಎರಡು ಗಣಕಗಳು ಮಾತಾಡಿಕೊಳ್ಳುವ ಪುಟ್ಟ ಪ್ರೋಗ್ರಾಂ ಬರೆಯುವುದು. ಅಲ್ಲಿ ತೊಡಕಾದಾಗ ಸ್ಟೀವನ್ಸ್. ಇಂದು ಸಿದ್ಧ ಲೈಬ್ರರಿಗಳಿರುವಾಗ ಇದೇಕೆಂದು ಕೇಳುವವರಿದ್ದಾರೆ. ಲೈಬ್ರರಿ ಕೈಕೊಟ್ಟ ದಿನ ಈ ತಿಳಿವೇ ಕೈಹಿಡಿಯುವುದು.

ಮೊನ್ನೆ ಅವನ ಫೋನ್ ಬಂದಿತ್ತು. "ಮೇಷ್ಟ್ರೇ, ಕಳಿಸಿದ ಸಂದೇಶ ಅರ್ಧವೇ ಬಂತು, ಯಾಕೆಂದು ಗೊತ್ತಾಯಿತು" ಎಂದು ನಕ್ಕನು. ಇಂಗ್ಲಿಷಿನ ಮಾತನ್ನು ಎತ್ತಲೇ ಇಲ್ಲ.