ಅಣಕವು ಉತ್ತರವಲ್ಲ

ರೋಗಿಯೊಬ್ಬನ ಮೈನಡುಕವನ್ನು ಅಣಕಿಸಿ ತೋರಿಸುವವನನ್ನು ನಿಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಳ್ಳುವಿರಾ? 2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಕ್ಷಾಂತರ ಮನೆಗಳು ಅಂಥವನನ್ನು ರೇಡಿಯೋದ ಮೂಲಕ ಒಳಗೆ ಕರೆದುಕೊಂಡವು.

ಪಾರ್ಕಿನ್ಸನ್ ಕಾಯಿಲೆಯಿರುವ ನಟ ಮೈಕೆಲ್ ಜೆ. ಫಾಕ್ಸ್, ಸ್ಟೆಮ್ ಸೆಲ್ ಸಂಶೋಧನೆಯನ್ನು ಬೆಂಬಲಿಸುತ್ತಿದ್ದ ಮಿಸ್ಸೌರಿಯ ಸೆನೆಟ್ ಅಭ್ಯರ್ಥಿಯೊಬ್ಬರ ಪರವಾಗಿ ಚುನಾವಣಾ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ಅವರ ದೇಹ ಎಡಬಿಡದೆ ತೂಗಾಡುತ್ತಿತ್ತು. ಹೆಸರಾಂತ ರೇಡಿಯೋ ಮಾತುಗಾರ ರಶ್ ಲಿಂಬಾ, ‘ಇವರು ಔಷಧಿ ಬಿಟ್ಟಿರಬೇಕು, ಇಲ್ಲವೇ ನಟಿಸುತ್ತಿರಬೇಕು’ ಎಂಬರ್ಥದಲ್ಲಿ ಆಡಿ, ಸ್ಟುಡಿಯೋದಲ್ಲಿ ತಾವೂ ಮೈ ಅಲುಗಾಡಿಸಿ ತೋರಿಸಿದರು. ವಾಸ್ತವವಾಗಿ ಆ ತೂಗಾಟವು ರೋಗಕ್ಕೆಂದು ಸೇವಿಸುವ ಔಷಧಿಯದೇ ಅಡ್ಡಪರಿಣಾಮವಾಗಿತ್ತು.

ಇಲ್ಲಿ ನಾವು ಎಚ್ಚರದಿಂದಿರಬೇಕು. ಭ್ರೂಣವನ್ನು ನಾಶಪಡಿಸುವ ಸಂಶೋಧನೆಯನ್ನು ನಮ್ಮ ಧರ್ಮಸಭೆಯೂ ವಿರೋಧಿಸುತ್ತದೆ. ಅದಕ್ಕೆ ಗಂಭೀರ ಕಾರಣಗಳಿವೆ. ಅವನ್ನು ಮುಂದಿಟ್ಟು ಫಾಕ್ಸ್ ಅವರಿಗೆ ಗೌರವದಿಂದಲೇ ಉತ್ತರಿಸಬಹುದಿತ್ತು. ಆದರೆ ಅಣಕವೇ ಸುದ್ದಿಯಾಗಿ ಭ್ರೂಣದ ಪ್ರಶ್ನೆ ಮೂಲೆಗೆ ಸರಿಯಿತು. ಮರುತಿಂಗಳು ಆ ಅಭ್ಯರ್ಥಿ ಗೆದ್ದರು. ಸಂಶೋಧನೆಗೆ ರಕ್ಷಣೆ ನೀಡುವ ತಿದ್ದುಪಡಿಯೂ ಮಿಸ್ಸೌರಿಯಲ್ಲಿ ಅಲ್ಪ ಅಂತರದಿಂದ ಅಂಗೀಕಾರವಾಯಿತು. ಅಣಕದಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಅದರಿಂದ ಒಂದು ಭ್ರೂಣಕ್ಕೂ ಒಳಿತಾಗಲಿಲ್ಲವೆಂದು ಮಾತ್ರ ಹೇಳಬಲ್ಲೆ.

ವಿವಾದಾತ್ಮಕ ವಿಷಯಗಳಲ್ಲಿ ಭಿನ್ನ ಅಭಿಪ್ರಾಯಗಳಿಗೂ ಎಡೆಕೊಡಬೇಕೆಂಬ ನಿಯಮ 1949ರಿಂದ ಅಲ್ಲಿನ ಪ್ರಸಾರ ಕೇಂದ್ರಗಳಿಗಿತ್ತು. 1987ರಲ್ಲಿ ಅದು ರದ್ದಾಯಿತು. ಮರುವರ್ಷವೇ ಲಿಂಬಾ ದೇಶವ್ಯಾಪಿ ಪ್ರಸಾರ ಆರಂಭಿಸಿದರು. ಹಾಗೆಂದು ನಿಯಮವನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. 1930ರ ದಶಕದಲ್ಲಿ ಮಿಷಿಗನ್‌ನಿಂದ ರೇಡಿಯೋದಲ್ಲಿ ಯೆಹೂದ್ಯರ ಮೇಲೆ ವಿಷ ಕಾರಿದ ಫಾದರ್ ಚಾರ್ಲ್ಸ್ ಕಾಗ್ಲಿನ್ ನಮ್ಮ ಧರ್ಮಸಭೆಯ ಗುರುವೇ ಆಗಿದ್ದರು (ಬರೆಯಲು ಲೇಖನಿ ಹಿಂಜರಿಯುತ್ತದೆ). 1942ರಲ್ಲಿ ಮಹಾಧರ್ಮಾಧ್ಯಕ್ಷರ ಆಜ್ಞೆಯಂತೆ ಅವರು ರಾಜಕೀಯ ಚಟುವಟಿಕೆ ಕೈಬಿಡಬೇಕಾಯಿತು.

‘ಅದು ಬರಿಯ ವಿನೋದ’ ಎನ್ನುವಿರಾ? ಕುಟುಕು ಮಾತಿನ ವಂಚನೆ ಇರುವುದೇ ಅಲ್ಲಿ. ನಂಬುವವರಿಗೆ ಅದು ವಾದ, ಪ್ರಶ್ನಿಸುವವರಿಗೆ ತಮಾಷೆ. ಆಡಿದವನು ಎರಡೂ ಕಡೆ ಉತ್ತರದಾಯಿಯಲ್ಲ. ಅಧಿಕಾರಸ್ಥರನ್ನು ಚುಚ್ಚುವ ವಿಡಂಬನೆಗೆ ನನ್ನ ತಕರಾರಿಲ್ಲ, ಅದು ಬೇಕು. ಆದರೆ ನಡುಗುವ ಕೈಯಲ್ಲಿ ಯಾವ ಅಧಿಕಾರವಿತ್ತು?

2020ರಲ್ಲಿ ಲಿಂಬಾ ತಮಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದನ್ನು ಪ್ರಕಟಿಸಿದರು. 2021ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ವಿರೋಧಿಗಳಲ್ಲಿ ಕೆಲವರು ಆ ಸಾವನ್ನೂ ನಗೆಯ ಸರಕಾಗಿಸಿಕೊಂಡರು. ಫಾಕ್ಸ್ ಅವರಿಗಾಗಿ ಈಗಷ್ಟೇ ಮರುಗಿದ ಓದುಗರೇ, ಆ ನಗೆಯಲ್ಲಿ ನೀವು ಪಾಲುಗೊಳ್ಳುತ್ತಿದ್ದಿರಾ?